‘ಕ್ರಷ್ ಮಾಡಬೇಡಿ’ ಅಂದರೆ ಅಜ್ಜಿಗೆ ಏನಂತ ಹೇಳೋದು?

ಕುಟ್ಟಾಣಿ ಮೊಮ್ಮಗ:
ನಮ್ಮಜ್ಜಿಯ ಬಿ.ಪಿ. ಮಾತ್ರೆ ಬದಲಾಗಿದೆ. ಹೆಸರಿನ ಪಕ್ಕ ‘ಇ.ಆರ್.’ ಅಂತಿದೆ. ಹಿಂದೆ ಸಣ್ಣಕ್ಷರದಲ್ಲಿ ಕ್ರಷ್ ಮಾಡಬಾರದು, ಅಗಿಯಬಾರದು ಅಂತ ಇಂಗ್ಲಿಷಿನಲ್ಲಿದೆ. ಅಜ್ಜಿಗೆ ಮಾತ್ರೆ ನುಂಗೋದು ಕಷ್ಟ. ಅದಕ್ಕೇ “ಇದನ್ನ ಅರೀಬಾರದಂತೆ ಅಜ್ಜಿ” ಅಂದೆ. “ಆಯ್ತು ಕಣಪ್ಪ” ಅಂದರು.

ಮಾರನೇ ದಿನ ನೋಡಿದರೆ ಎಲೆಅಡಿಕೆ ಕುಟ್ಟಾಣಿಯಲ್ಲಿ ಮಾತ್ರೆ! ಟಕ್ ಟಕ್ ಅಂತ ಕುಟ್ಟಿ, ಅಡಿಕೆ ಚೂರಿನ ಸಮೇತ ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡರು. ಕೇಳಿದರೆ, “ಅರೀಲಿಲ್ವಲ್ಲೋ, ಕುಟ್ಟಿದೆ.”

ಅವರು ಹೇಳೋದೂ ಸರೀನೇ. ಅರೆಯೋಕೆ ಒರಳು ಬೇಕು, ನೀರು ಬೇಕು. ಮೆಣಸು ಕುಟ್ಟುತ್ತೇವೆ, ಶುಂಠಿ ಜಜ್ಜುತ್ತೇವೆ. ಇಂಗ್ಲಿಷಿನವರಿಗೆ ಎರಡಕ್ಕೂ ಕ್ರಷ್ ಸಾಕು. ಡಬ್ಬಿಯ ಮೇಲೆ ನಾನು ಯಾವುದನ್ನ ಬರೆಯಲಿ?

ಮಂಡ್ಯದವನು:
ನಮ್ಮ ಕಡೆ ಕಬ್ಬು ಅರೆಯುತ್ತಾರೆ. ಬೆಳಗಾವಿ ಕಡೆ ಅದೇ ಕಬ್ಬನ್ನು ನುರಿಸುತ್ತಾರೆ. ಸಕ್ಕರೆ ಕಾರ್ಖಾನೆಯವರು ಟಿ.ಸಿ.ಡಿ. ಅಂತಾರಲ್ಲ, ದಿನಕ್ಕೆ ಎಷ್ಟು ಟನ್ ಕಬ್ಬು ಅರೆಯಬಹುದು ಅನ್ನೋ ಲೆಕ್ಕ, ಅಲ್ಲೂ ಇಂಗ್ಲಿಷಿನಲ್ಲಿ ಅರೆಯೋದಕ್ಕೆ ಇದೇ ಕ್ರಷ್. ಜಲ್ಲಿ ಮಾಡೋ ಜಾಗಕ್ಕೆ ಮಾತ್ರ ಯಾರೂ ಕನ್ನಡ ಹುಡುಕಲಿಲ್ಲ, ಕ್ರಷರ್ ಅಂದರೆ ಮುಗೀತು. ಕಾಲೇಜು ಹುಡುಗರ ಕ್ರಷ್‌ಗೆ ಒರಳೂ ಬೇಡ, ಗಾಣವೂ ಬೇಡ, ಬಿಡಿ. ನೀವು ‘ಪುಡಿ ಮಾಡಬೇಡಿ’ ಅಂತ ಬರೆಯಿರಿ.

ಕುಟ್ಟಾಣಿ ಮೊಮ್ಮಗ:
ಅದೂ ಆಯ್ತು. ಪುಡಿ ಅಂದರೆ ಅವರಿಗೆ ಸಾರಿನ ಪುಡಿ. “ತರಿತರಿ ಇದ್ದರೆ ಅದು ಪುಡಿ ಹೇಗಾಗುತ್ತೆ?” ಅಂತಾರೆ.

ಔಷಧಿ ಅಂಗಡಿ:
ಪದ ಆಮೇಲೆ ಹುಡುಕೋಣ, ಮೊದಲು ಕುಟ್ಟೋದು ನಿಲ್ಲಿಸಿ. ಇ.ಆರ್., ಎಸ್.ಆರ್. ಅಂತ ಇರೋ ಮಾತ್ರೆಗಳು ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಔಷಧಿ ಬಿಡುತ್ತವೆ. ಕುಟ್ಟಿದರೆ ಇಡೀ ದಿನದ್ದು ಒಟ್ಟಿಗೇ ಮೈಗೆ ಸೇರಬಹುದು. ಬಿ.ಪಿ. ದಿಢೀರ್ ಇಳಿದು ತಲೆ ಸುತ್ತಿ ಬಿದ್ದರೆ? ನಡುವೆ ಗೆರೆ ಇರೋ ಕೆಲವನ್ನು ಅರ್ಧ ಮಾಡಬಹುದು, ಎಲ್ಲವನ್ನೂ ಅಲ್ಲ. ಕೇಳಿಯೇ ಮುರಿಯಬೇಕು. ನುಂಗೋಕೆ ಕಷ್ಟ ಅಂತ ಡಾಕ್ಟರಿಗೆ ಹೇಳಿ, ಬೇರೆ ದಾರಿ ಇದ್ದರೆ ಬರೆದುಕೊಡುತ್ತಾರೆ.

ಕವರಿನ ಮೇಲೆ ನಾನು ಬರೆಯೋದು ‘ಇಡೀ ಮಾತ್ರೆ ನುಂಗಿ’ ಅಂತ. ಏನು ಮಾಡಬಾರದು ಅಂತ ಬರೆಯೋಕೆ ಹೋಗೋದೇ ಇಲ್ಲ.

ಕುಟ್ಟಾಣಿ ಮೊಮ್ಮಗ:
ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿ, “ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಂಗೆ?” ಅಂದರು. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಅಲ್ಲಿವರೆಗೆ ಕುಟ್ಟಾಣಿ ನನ್ನ ಹತ್ತಿರ ಇರಲಿ ಅಂದೆ. ಕೊಡಲಿಲ್ಲ.