ಹನ್ನೆರಡು ದಿನಕ್ಕೆ ಐದು ದೇಶ

ಸೀನ: ಪದ್ಮಕ್ಕ, ಪ್ಲಾನ್ ರೆಡಿ. 12 ದಿನ, 5 ದೇಶ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಸಿಂಗಾಪುರ. ಒಂದನ್ನೂ ಬಿಟ್ಟಿಲ್ಲ.

ಪದ್ಮಕ್ಕ: ನಿದ್ದೆ ಬಿಟ್ಟಿದ್ದೀಯಲ್ಲಪ್ಪ.

ವಾಸು: ಇದು ಪ್ರವಾಸ ಅಲ್ಲ ಕಣೋ, ಜನಗಣತಿ.

ಪದ್ಮಕ್ಕ: ಲೆಕ್ಕ ಹಾಕೋಣ ಬಾ. ಒಂದೂವರೆ ಗಂಟೆ ವಿಮಾನ ಅಂತ ಬರ್ಕೊಂಡಿದ್ದೀಯ. ಗಂಟುಮೂಟೆ ಕಟ್ಟಿ ರೂಮು ಖಾಲಿ ಮಾಡೋಕೆ ಒಂದು ಗಂಟೆ, ಏರ್‌ಪೋರ್ಟ್ ಮುಟ್ಟೋಕೆ ಒಂದು, ಅಲ್ಲಿ ಕಾಯೋಕೆ ಎರಡೂವರೆ, ಹಾರೋಕೆ ಒಂದೂವರೆ, ಇಳಿದ ಮೇಲೆ ಇಮಿಗ್ರೇಷನ್ ಸಾಲು, ಸೂಟ್‌ಕೇಸು, ಸಿಮ್ಮು, ಟ್ಯಾಕ್ಸಿ ಅಂತ ಎರಡು. ಎಂಟಾಯ್ತಾ? ನಾಲ್ಕು ಸಲಕ್ಕೆ 32 ಗಂಟೆ. ಎರಡೂವರೆ ಹಗಲಿಗೂ ಮೇಲೆ ಬರೀ ಲಗೇಜ್ ಬೆಲ್ಟಿನ ದರ್ಶನ. ಊರಿಂದ ಹೋಗಿಬರೋ ಎರಡು ದಿನ ಬೇರೆ.

ವಾಸು: ಆ ಬೆಲ್ಟೇ ಪ್ರದಕ್ಷಿಣೆ ಹಾಕುತ್ತೆ, ನಾವು ನಿಂತಲ್ಲೇ ಕೈಮುಗಿದ್ರೆ ಸಾಕು.

ಸೀನ: ಸರಿ, ನೀವಾಗಿದ್ರೆ ಏನು ಮಾಡ್ತಿದ್ರಿ?

ಪದ್ಮಕ್ಕ: ನಾಲ್ಕು ದೇಶ ಹೊಡೆದುಹಾಕ್ತಿದ್ದೆ. ಲಾವೋಸ್ ಒಂದೇ, ಅದರಲ್ಲೂ ಉತ್ತರ ಭಾಗ ಮಾತ್ರ. ಥಾಯ್ಲೆಂಡ್ ಗಡಿಗೆ ಅಂಟಿರೋ ಹುವೇಸಾಯ್‌ನಿಂದ ಲುವಾಂಗ್ ಪ್ರಬಾಂಗ್ ಊರಿಗೆ ಮೆಕಾಂಗ್ ನದಿ ಮೇಲೆ ದೋಣಿ. ಹೆಚ್ಚುಕಮ್ಮಿ 300 ಕಿ.ಮೀ., ಎರಡು ಹಗಲು. ನಡುವೆ ಒಂದು ರಾತ್ರಿ ಪಾಕ್‌ಬೆಂಗ್‌ನಲ್ಲಿ ಇಳಿದು ಮಲಗೋದು.

ಸೀನ: ಮುನ್ನೂರಕ್ಕೆ ಎರಡು ದಿನಾನಾ! ಆರು ಗಂಟೇಲಿ ಮುಟ್ಟಿಸೋ ಸ್ಪೀಡ್‌ಬೋಟ್ ಇದೆಯಂತಲ್ಲ?

ಪದ್ಮಕ್ಕ: ಇದೆ. ಹತ್ತುವಾಗಲೇ ಹೆಲ್ಮೆಟ್ ಕೊಡ್ತಾರೆ.

ವಾಸು: ನೀರಿಗೆ ಹೆಲ್ಮೆಟ್ಟಾ?

ಪದ್ಮಕ್ಕ: ಬಂಡೆಗೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದು ಬಂಡೆಗಳು ತಲೆ ಎತ್ತಿರ್ತವೆ, ಮಳೆಗಾಲದಲ್ಲಿ ಮರದ ದಿಮ್ಮಿ ತೇಲಿಬರ್ತವೆ. ಮೊಣಕಾಲು ಗದ್ದಕ್ಕೆ ತಾಗಿಸ್ಕೊಂಡು ಕೂತಿರೋನಿಗೆ ದಡ ಎಲ್ಲಿ ಕಾಣುತ್ತೆ?

ಸೀನ: ನಿಧಾನದ ದೋಣೀಲಿ ಸೋಫಾ ಇರುತ್ತಾ?

ಪದ್ಮಕ್ಕ: ಹಳೇ ವ್ಯಾನಿನ ಸೀಟು. ಬಿಚ್ಚಿ ತಂದು ಸಾಲಾಗಿ ಇಟ್ಟಿರ್ತಾರೆ, ಎಷ್ಟೋ ದೋಣೀಲಿ ನೆಲಕ್ಕೆ ಬೋಲ್ಟೂ ಇರಲ್ಲ. ಎದುರಿನವನು ಮೈಮುರಿದ್ರೆ ನಿನ್ನ ಮೊಣಕಾಲಿಗೆ ಗೊತ್ತಾಗುತ್ತೆ. ಇಂಜಿನ್ ಹಿಂದೆ, ಶೌಚಾಲಯವೂ ಹಿಂದೆ. ಕೊನೆಗೆ ಬಂದವರಿಗೆ ಎರಡರ ಸಹವಾಸ. ಅದಕ್ಕೇ ಥಾಯ್ಲೆಂಡ್ ಕಡೆಯಿಂದ ಬೆಳಿಗ್ಗೆ ಗಡಿ ದಾಟಿ ಅವತ್ತೇ ದೋಣಿ ಹಿಡೀತೀನಿ ಅನ್ನಬಾರದು. ಎರಡು ದೇಶದ ಮುದ್ರೆ, ಸೇತುವೆ ದಾಟಿಸೋ ಬಸ್ಸು, ಆಮೇಲೆ ದೋಣಿಕಟ್ಟೆವರೆಗೆ ಟುಕ್‌ಟುಕ್. ಎಲ್ಲಾದರೂ ಒಂದು ಕಡೆ ಸಾಲು ಉದ್ದ ಇದ್ರೆ ಮುಗೀತು. ಹಿಂದಿನ ರಾತ್ರಿ ಹುವೇಸಾಯ್‌ನಲ್ಲೇ ಮಲಗು.

ವಾಸು: ವೀಸಾ?

ಪದ್ಮಕ್ಕ: ಇ-ವೀಸಾ ಎಲ್ಲ ಗಡಿಯಲ್ಲೂ ನಡೆಯಲ್ಲ, ನೀನು ದಾಟೋ ಠಾಣೆ ಪಟ್ಟಿಯಲ್ಲಿದೆಯಾ ನೋಡ್ಕೋಬೇಕು. ಗಡಿಯಲ್ಲೇ ಮಾಡಿಸೋದಾದ್ರೆ ಒಂದು ಫೋಟೋ, ಗರಿಗರಿ ಡಾಲರ್ ನೋಟು. ಹರಿದದ್ದು, ಪೆನ್ನಲ್ಲಿ ಗೀಚಿದ್ದು ಕೊಟ್ರೆ ವಾಪಸ್ ತಳ್ತಾರೆ.

ಸೀನ: ದೋಣೀಲಿ ಎರಡು ದಿನ ಮಾಡೋದೇನು ಅಂತ?

ಪದ್ಮಕ್ಕ: ಏನೂ ಇಲ್ಲ. ಅದೇ ಕೆಲಸ. ಮೊದಲ ಗಂಟೆ ಫೋಟೋ ಹೊಡೀತೀಯ, ಎರಡನೇ ಗಂಟೆ ಸಿಗ್ನಲ್ ಹುಡುಕ್ತೀಯ, ಮೂರನೇದರಲ್ಲಿ ಸೋತು ನದಿ ನೋಡೋಕೆ ಶುರುಮಾಡ್ತೀಯ. ದೋಣಿ ಬರೀ ನಿನ್ನನ್ನ ಹೊತ್ಕೊಂಡು ಹೋಗಲ್ಲ, ಮರಳುದಂಡೆಗೆ ಮೂತಿ ತಾಗಿಸಿ ಅಕ್ಕಿಮೂಟೆ ಇಳಿಸುತ್ತೆ, ಅಜ್ಜೀನ ಹತ್ತಿಸ್ಕೊಳ್ಳುತ್ತೆ. ಡಿಸೆಂಬರ್, ಜನವರಿ ಬೆಳಿಗ್ಗೆ ನದಿ ಮೇಲೆ ಚಳಿ ಕೊರೆಯುತ್ತೆ, ಪಕ್ಕಕ್ಕೆ ಗೋಡೆ ಇಲ್ಲ. ಜಾಕೆಟ್ಟು, ನೀರು, ತಿಂಡಿ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗು ಹಲಗೆ ಕೆಳಗೆ ಹೋಯ್ತು ಅಂದ್ರೆ ಸಂಜೆವರೆಗೆ ಅದು ನಿಂದಲ್ಲ. ಇನ್ನೊಂದು, ಲುವಾಂಗ್ ಪ್ರಬಾಂಗ್‌ನ ದೋಣಿಕಟ್ಟೆ ಊರಿಂದ 10 ಕಿ.ಮೀ. ಆಚೆ, ಅಲ್ಲಿಂದ ಮತ್ತೆ ಟುಕ್‌ಟುಕ್. ಊರಿಗಿಂತ ಸುಮಾರು 25 ಕಿ.ಮೀ. ಮುಂಚೆ, ನದಿ ಹರಿದುಬರೋ ಕಡೆ, ಅಣೆಕಟ್ಟು ಕಟ್ತಿದ್ದಾರೆ, ಹಾಗಾಗಿ ಹೊರಡೋ ಮುಂಚೆ ದೋಣಿ ಎಲ್ಲಿವರೆಗೆ ಅಂತ ಕೇಳ್ಕೋ.

ವಾಸು: ಊರಲ್ಲಿ ಎಷ್ಟು ದಿನ?

ಪದ್ಮಕ್ಕ: ನಾಲ್ಕು ರಾತ್ರಿಗೆ ಕಮ್ಮಿ ಬೇಡ. ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಭಿಕ್ಷೆಗೆ ಬರ್ತಾರಲ್ಲ, ಮೊದಲ ದಿನವೇ ಹೋಗಿ ಅವರ ಮುಖಕ್ಕೆ ಫ್ಲಾಶ್ ಹೊಡೀಬೇಡ. ರಸ್ತೆಯ ಆ ಕಡೆ ಸುಮ್ಮನೆ ನಿಲ್ಲು, ಹೆಗಲು ಮುಚ್ಚಿರಲಿ. ಮೂರನೇ ದಿನದ ಹೊತ್ತಿಗೆ ಯಾರ ಮನೆಮುಂದೆ ಅನ್ನದ ಬುಟ್ಟಿ ಮೊದಲು ಬರುತ್ತೆ ಅಂತ ನಿನಗೇ ಗೊತ್ತಾಗಿರುತ್ತೆ.

ಸೀನ: ಅನ್ನವೇ ಅಲ್ವಾ, ಅದರಲ್ಲೇನು ವಿಶೇಷ?

ಪದ್ಮಕ್ಕ: ಅಂಟಕ್ಕಿ ಕಣೋ. ರಾತ್ರಿಯೆಲ್ಲ ನೆನೆಸ್ತಾರೆ. ಕಮ್ಮಿ ನೆನೆದ್ರೆ ನಡುವೆ ಗಟ್ಟಿ ಉಳಿಯುತ್ತೆ, ಆಮೇಲೆ ಎಷ್ಟು ಬೇಯಿಸಿದ್ರೂ ಅಷ್ಟೇ. ಬಿದಿರಿನ ಶಂಕುವಿನಾಕಾರದ ಬುಟ್ಟಿಗೆ ತುಂಬಿ, ಕತ್ತು ಕಿರಿದಾದ ಪಾತ್ರೆ ಮೇಲೆ ಕೂರಿಸಿ, ಬರೀ ಹಬೇಲಿ ಅರ್ಧ ಗಂಟೆ. ನೀರು ಬುಟ್ಟಿಗೆ ತಾಗಿದ್ರೆ ಅಡಿ ಗಂಜಿ. ನಡುವೆ ಒಂದು ಸಲ ಇಡೀ ಮುದ್ದೇನ ಎಗರಿಸಿ ಮಗುಚಿ ಹಾಕ್ತಾರೆ, ಮೇಲಿಂದು ಕೆಳಗೆ ಬರಲಿ ಅಂತ. ಇಳಿಸಿದ ತಕ್ಷಣ ಹಲಗೆ ಮೇಲೆ ಹರಡಿ ಹಬೆ ಬಿಡಿಸ್ತಾರೆ, ಇಲ್ಲದಿದ್ರೆ ಬೆವತು ಪಿಚಿಪಿಚಿ. ಸರಿಯಾಗಿ ಬೆಂದದ್ದು ಬೆರಳಿಗೆ ಅಂಟಲ್ಲ, ಉಂಡೆಗೆ ಅಂಟುತ್ತೆ. ಚಿವುಟಿ, ಉಂಡೆ ಮಾಡಿ, ಚಟ್ನಿಗೆ ಅದ್ದಿ ತಿನ್ನು.

ವಾಸು: ನಾನು ಸಸ್ಯಾಹಾರಿ. ಮಾಂಸ ತಿನ್ನಲ್ಲ ಅಂದ್ರೆ ಸಾಕಾ?

ಪದ್ಮಕ್ಕ: ಸಾಲದು. ‘ಪಾಡೇಕ್’ ಅಂತ ಹುದುಗಿಸಿದ ಮೀನಿನ ರಸ ಇದೆ, ಪಪ್ಪಾಯಿ ಕೋಸಂಬರಿಗೂ ಬೀಳುತ್ತೆ. ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ, ಉಪ್ಪು ಇದ್ದ ಹಾಗೆ. ‘ಬೊ ಸೈ ಪಾಡೇಕ್’, ಅಂದ್ರೆ ಪಾಡೇಕ್ ಹಾಕಬೇಡಿ ಅಂತ, ಕುಟ್ಟಾಣಿಗೆ ಕೈ ಹಾಕೋ ಮುಂಚೆ ಹೇಳು.

ಸೀನ: ವಾಪಸ್ ಬರೋವಾಗಲೂ ದೋಣಿನಾ?

ಪದ್ಮಕ್ಕ: ರೈಲು. ಚೀನಾ ಗಡಿಯಿಂದ ರಾಜಧಾನಿ ವಿಯೆಂಟಿಯಾನ್‌ವರೆಗೆ 2021ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು. ಲುವಾಂಗ್ ಪ್ರಬಾಂಗ್‌ನಿಂದ ಎರಡು ಗಂಟೆ ಒಳಗೆ ವಿಯೆಂಟಿಯಾನ್. ನಿನಗೆ ಹೇಳಿ ಮಾಡಿಸಿದ್ದು, ಆ ಹಳಿಯ ಹತ್ತಿರಹತ್ತಿರ ಅರ್ಧ ಸುರಂಗದೊಳಗೇ ಇದೆ, ನೋಡೋ ತೊಂದರೆಯೇ ಇಲ್ಲ. ಸ್ಪ್ರೇ ಡಬ್ಬಿ, ಚಾಕು ತಗೊಂಡು ಹೋಗಬೇಡ, ತಪಾಸಣೇಲಿ ಕಿತ್ಕೊಳ್ತಾರೆ.

ಸೀನ: ಸರಿ ಪದ್ಮಕ್ಕ, ಒಪ್ಪಿದೆ. 12 ದಿನ, ಒಂದೇ ದೇಶ. ಮುಂದಿನ ವಾರವೇ ಹೊರಟೆ.

ಪದ್ಮಕ್ಕ: ಪಾಸ್‌ಪೋರ್ಟ್ ಅವಧಿ ಇನ್ನೂ ಆರು ತಿಂಗಳು ಇರಬೇಕು. ಇದೆ ತಾನೆ?

ಸೀನ: ಇದೆ... ಐದು ಇದೆ.

ವಾಸು: ಸ್ಪೀಡ್‌ಬೋಟಲ್ಲಿ ಹೋಗಿ ರಿನ್ಯೂ ಮಾಡಿಸ್ಕೊಂಡು ಬಾರೋ.