ಜಾನಪದ ಕ್ಲಾಸಿನಲ್ಲಿ ಕೇಳಿದ ಕಥೆಯಿಂದ ನನ್ನ ಕಥೆ ಹುಟ್ಟೋದು ಹೇಗೆ?

ಗಿರಿನಗರದ ಓದುಗಿ
ಎಲ್ಲರಿಗೂ ನಮಸ್ಕಾರ. ನಾನು ಬಿಎ ಎರಡನೇ ವರ್ಷ. ಈ ಸೆಮಿಸ್ಟರ್‌ನಲ್ಲಿ ಜಾನಪದ ಮತ್ತು ಪುರಾಣದ ಪೇಪರ್ ಇದೆ. ಹೋದ ವಾರ ಮೇಡಂ ‘ಕೆರೆಗೆ ಹಾರ’ ಪಾಠ ಮಾಡಲಿಲ್ಲ, ಹಾಡಿದರು. ಕೆರೆಗೆ ನೀರು ಬರಲಿ ಅಂತ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡೋ ಜನಪದ ಹಾಡು ಅದು. ಮರೆತ ಬಂಗಾರದ ಬಟ್ಟಲು ತರೋಕೆ ಭಾಗೀರಥಿ ಒಬ್ಬಳೇ ಕೆರೆಗೆ ವಾಪಸ್ ಬರ್ತಾಳೆ, ಒಂದೊಂದು ಮೆಟ್ಟಿಲಿಗೂ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಏರ್ತಾ ಹೋಗುತ್ತದೆ, ಆ ಜಾಗಕ್ಕೆ ಬಂದಾಗ ಇಡೀ ಕ್ಲಾಸು ಸದ್ದಿಲ್ಲದೆ ಕೂತಿತ್ತು. ಈಗ ಅದರಿಂದ ನಮ್ಮದೇ ಒಂದು ಕಥೆ ಬರೆಯಬೇಕಂತೆ. ಮೂರು ಸಲ ಬರೆದು ಹರಿದೆ. ಒಂದೋ ಅದೇ ಹಾಡು ಗದ್ಯ ಆಗುತ್ತದೆ, ಇಲ್ಲಾಂದ್ರೆ ಭಾಗೀರಥಿ ಕೈಗೆ ಮೊಬೈಲ್ ಕೊಟ್ಟು ಮೆಟ್ರೋದಲ್ಲಿ ಕೂರಿಸಿದ ಹಾಗಿರುತ್ತದೆ. ನೀವೆಲ್ಲ ಹೇಗೆ ಬರೆಯುತ್ತೀರಿ?

ನಿವೃತ್ತ ಮೇಷ್ಟ್ರು
ನೋಡಮ್ಮಾ, ಆ ಹಾಡಿನಲ್ಲಿ ಗೆಳತಿ ಒಬ್ಬಳು ಬರ್ತಾಳೆ, ನೆನಪಿದೆಯಾ? ಭಾಗೀರಥಿ ತವರಿಗೆ ಹೋದರೂ ಅಪ್ಪ ಅಮ್ಮನಿಗೆ ನಿಜ ಹೇಳೋದಿಲ್ಲ. ಅತ್ತೆ ಮಾವ ಬೇರೆ ಇಡ್ತಾರಂತೆ ಅಂತಾಳೆ. ನಿಜ ಹೇಳೋದು ಗೆಳತಿಗೆ ಮಾತ್ರ. ಆ ಗೆಳತಿ ‘ಕೊಟ್ಟರೆ ಕೊಡಲಿ ಬಿಡು, ಇಟ್ಟ ಹಾಗೆ ಇರಬೇಕು’ ಅನ್ನೋ ಅರ್ಥದ ಮಾತು ಹೇಳಿ ಕಳಿಸುತ್ತಾಳೆ. ಆಮೇಲೆ ಹಾಡು ಅವಳ ಕಡೆ ತಿರುಗಿಯೂ ನೋಡೋದಿಲ್ಲ. ಕೆರೆ ತುಂಬಿದ ಸುದ್ದಿ ಅವಳ ಊರಿಗೂ ಬಂದಿರಬೇಕಲ್ಲ? ಆ ರಾತ್ರಿ ಅವಳು ಉಂಡಳಾ, ಮಲಗಿದಳಾ? ನಾನಾದರೆ ಭಾಗೀರಥಿಯನ್ನು ಮುಟ್ಟೋದೇ ಇಲ್ಲ, ಈ ಗೆಳತಿಯ ಮನೆಯಲ್ಲಿ ಹೋಗಿ ಕೂರ್ತೀನಿ.

ಆಡುಗೋಡಿ ಹುಡುಗ
ಮೇಷ್ಟ್ರು ಹೇಳಿದ್ದು ಸರಿ, ಆದರೆ ಅಷ್ಟು ದೂರ ಯಾಕೆ, ಇಂಥದ್ದೇ ಕಥೆ ಬೆಂಗಳೂರಿನಲ್ಲೂ ಇದೆ. ಕೆಂಪೇಗೌಡರು ಕೋಟೆ ಕಟ್ಟಿಸುವಾಗ ದಕ್ಷಿಣದ ಬಾಗಿಲು ನಿಲ್ಲದೆ ಬೀಳ್ತಾನೇ ಇತ್ತಂತೆ, ಬಸುರಿಯ ಬಲಿ ಬೇಕು ಅಂದರಂತೆ. ಸೊಸೆ ಲಕ್ಷ್ಮಮ್ಮ ರಾತ್ರಿ ಯಾರಿಗೂ ಹೇಳದೆ ಹೋಗಿ ಪ್ರಾಣ ಕೊಟ್ಟಳು ಅಂತ ಐತಿಹ್ಯ. ಅವಳ ಸಮಾಧಿ ಕೋರಮಂಗಲದಲ್ಲಿದೆ, ಒಂದು ಸಲ ಹೋಗಿ ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಜಾಸ್ತಿ ಕಾಡೋದು ವ್ಯತ್ಯಾಸ. ಭಾಗೀರಥಿಯನ್ನು ಹಿರಿಯರು ಕೂತು ಆರಿಸುತ್ತಾರೆ, ಲಕ್ಷ್ಮಮ್ಮನನ್ನು ಯಾರೂ ಕೇಳೋದೇ ಇಲ್ಲ, ತಾನೇ ಎದ್ದು ಹೋಗುತ್ತಾಳೆ. ನಿಜವಾಗಲೂ ತಾನೇ ಹೋದಳಾ, ಅಥವಾ ಊರಿನವರು ಆಮೇಲೆ ಹಾಗೆ ಹೇಳಿಕೊಂಡರಾ? ಇಡೀ ಕಥೆ ಇಲ್ಲೇ ಇದೆ ಅನಿಸುತ್ತೆ ನನಗೆ.

ಶ್ರೀರಾಂಪುರದ ಅಕ್ಕ
ನಾನು ಸ್ವಲ್ಪ ಬೇರೆ ಹೇಳ್ತೀನಿ. ಕ್ಲಾಸಿನ ಕಥೆ ಪಕ್ಕಕ್ಕಿಟ್ಟು ಮೊದಲು ಮನೆಯಲ್ಲಿ ಕೇಳಿ ತಂಗಿ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಅಂತ ಬರೆದಿರ್ತಿತ್ತು. ರಾತ್ರಿ ದೆವ್ವ ಗುರುತಿನವರ ದನಿಯಲ್ಲಿ ಕರೆಯುತ್ತೆ, ಬರೆದದ್ದು ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತೆ ಅಂತ ನಂಬಿಕೆ. ನಮ್ಮಜ್ಜಿಗೆ ಓದೋಕೆ ಬರ್ತಿರಲಿಲ್ಲ. ಪಕ್ಕದ ಮನೆ ಹುಡುಗನ ಕೈಲಿ ಸೀಮೆಸುಣ್ಣದಲ್ಲಿ ಬರೆಸಿದ್ದರು. ಬೆಳಗ್ಗೆ ಬಾಗಿಲು ತೊಳೆಯುವಾಗ ಸೆರಗಿನ ತುದಿ ಅಡ್ಡ ಹಿಡಿದು, ಆ ಅಕ್ಷರಕ್ಕೆ ಒಂದು ಹನಿಯೂ ಸಿಡಿಯದ ಹಾಗೆ ನೀರು ಹಾಕ್ತಿದ್ದರು. ನಾನು ದೆವ್ವದ ಕಥೆ ಬರೆಯೋಕೆ ಕೂತಾಗ ಏನೂ ಹೊಳೆಯಲಿಲ್ಲ. ಅಜ್ಜಿ ಓದಲಾಗದೆ ಕಾಪಾಡಿಕೊಂಡ ಆ ಮೂರು ಅಕ್ಷರ ನೆನಪಾದಾಗ ಒಂದೇ ರಾತ್ರಿಯಲ್ಲಿ ಕಥೆ ಮುಗಿಯಿತು.

ಗಿರಿನಗರದ ಓದುಗಿ
ಅಕ್ಕಾ, ನೀರು ಹಾಕೋದು ಓದಿ ಮೈ ಜುಮ್ಮೆಂದಿತು. ನಮ್ಮಮ್ಮನ ಹತ್ತಿರ ಇವತ್ತೇ ಕೇಳ್ತೀನಿ. ಆದರೆ ಮೇಷ್ಟ್ರು ಹೇಳಿದ ಗೆಳತಿ ಮಧ್ಯಾಹ್ನದಿಂದ ತಲೆಯಲ್ಲೇ ಕೂತಿದ್ದಾಳೆ, ಅವಳನ್ನೇ ಬರೆಯುತ್ತೇನೆ. ಒಂದೇ ಅನುಮಾನ ಸರ್. ಹಾಡು ಉತ್ತರ ಕರ್ನಾಟಕದ ಮಾತಿನಲ್ಲಿದೆ. ನನಗೆ ಆ ಮಾತು ಬರೋದಿಲ್ಲ. ಸುಮ್ನೆ ಅನುಕರಣೆ ಮಾಡಿದರೆ ಕೆಡುತ್ತೆ ಅಲ್ವಾ?

ನಿವೃತ್ತ ಮೇಷ್ಟ್ರು
ಕೆಡುತ್ತೆ. ನಿನ್ನ ಮಾತಿನಲ್ಲೇ ಬರಿ. ಹಾಡು ಊರಿಂದ ಊರಿಗೆ ಹೋದಾಗಲೂ ಹಾಡುವವರ ನಾಲಿಗೆಗೆ ತಕ್ಕ ಹಾಗೆ ಬದಲಾಗುತ್ತೆ. ಗೆಳತಿ ಆಡಿದ ಆ ಒಂದು ಸಾಲು ಮಾತ್ರ ಹಾಡಿನಲ್ಲಿ ಇದ್ದ ಹಾಗೇ ಇಟ್ಟುಕೋ. ಮೊದಲ ಪುಟ ಆದ ತಕ್ಷಣ ಇಲ್ಲಿ ಹಾಕು, ಓದ್ತೀನಿ.