ಆಲೂಗಡ್ಡೆ ಗಿಡ ಒಣಗಿಸುವ ಔಷಧಿ ಅಪ್ಪನ ಬೆನ್ನಿಗೆ ಸೋರಿದೆ, ಏನು ಮಾಡಬೇಕು?

ಅರಕಲಗೂಡು ಹುಡುಗ:
ಎಲ್ಲರಿಗೂ ನಮಸ್ಕಾರ. ಅರಕಲಗೂಡು ಹತ್ತಿರ ನಮ್ಮದು ಸ್ವಲ್ಪ ಆಲೂಗಡ್ಡೆ ಇದೆ. ಕೀಳುವ ಮುಂಚೆ ಗಿಡ ಒಣಗಲಿ ಅಂತ ಅಪ್ಪ ಪ್ಯಾರಾಕ್ವಾಟ್ ಅನ್ನುವ ಕಳೆ ಔಷಧಿ ಹೊಡೆಯುತ್ತಾರೆ. ಬಿಸಿಲಿದ್ದರೆ ಬೆಳಿಗ್ಗೆ ಹೊಡೆದಿದ್ದಕ್ಕೆ ಸಂಜೆಗೇ ಎಲೆ ಬಾಡುತ್ತೆ. ಇವತ್ತು ಬೆನ್ನಿಗೆ ಹಾಕಿಕೊಂಡು ಹೊಡೆಯುವ ಕ್ಯಾನಿನ ಮುಚ್ಚಳದ ವಾಷರ್ ಹೋಗಿ ಬೆನ್ನೆಲ್ಲ ನೆನೆದಿದೆ. ಹಾಗೇ ಮಧ್ಯಾಹ್ನದವರೆಗೆ ಹೊಡೆದಿದ್ದಾರೆ. ಈಗ ಸೊಂಟದ ಹತ್ತಿರ ಕೆಂಪಾಗಿದೆ, ಉರಿ ಅಂತಾರೆ. ಆಸ್ಪತ್ರೆಗೆ ಕರೆದರೆ "ಮಣ್ಣಿಗೆ ಬಿದ್ದ ತಕ್ಷಣ ಇದರ ಶಕ್ತಿ ಹೋಗುತ್ತೆ, ನನಗೇನಾಗುತ್ತೆ" ಅಂತಾರೆ. ಉಳಿದ ಔಷಧಿಯನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಹಾಕಿ ಅಟ್ಟದ ಮೇಲೆ ಇಟ್ಟಿದ್ದಾರೆ. ಮನೆಯಲ್ಲಿ ಅಕ್ಕನ ಮಕ್ಕಳಿದ್ದಾರೆ. ನಾನು ಸುಮ್ನೆ ಹೆದರುತ್ತಿದ್ದೀನಾ?

ಬೇಲೂರು ರೈತ:
ಸುಮ್ನೆ ಅಲ್ಲ. ಮೊದಲು ಆ ಬಟ್ಟೆ ಬಿಚ್ಚಿಸಿ ಸೋಪು ಹಾಕಿ ಸ್ನಾನ ಮಾಡಿಸಿ. ಮಿಕ್ಕಿದ್ದು ಆಮೇಲೆ ಓದಿ.

ಮೂಡಿಗೆರೆ ರೈಟರ್:
ತಮ್ಮಾ, ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವನು. ಕಳೆ ಔಷಧಿ ಹೊಡೆಯುವ ಆಳುಗಳ ಜೊತೆಗೇ ನನ್ನ ಕೆಲಸ. ನಿಮ್ಮಪ್ಪ ಹೇಳಿದ್ದರಲ್ಲಿ ಅರ್ಧ ನಿಜ. ಪ್ಯಾರಾಕ್ವಾಟ್ ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡು ಬಿಡುತ್ತೆ. ಕೆಸರು ನೀರಲ್ಲಿ ಕಲಸಿದರೆ ಹುಲ್ಲು ಸಾಯುವುದಿಲ್ಲ, ಅದಕ್ಕೇ ತಿಳಿ ನೀರು ಬೇಕು ಅನ್ನುವುದು. ಆದರೆ ಮನುಷ್ಯನ ಮೈ ಮಣ್ಣಲ್ಲ. ಒಳಗೆ ಹೋದದ್ದು ರಕ್ತಕ್ಕೆ ಸೇರಿ ಶ್ವಾಸಕೋಶದಲ್ಲಿ ಹೋಗಿ ಕೂರುತ್ತೆ.

ಚೆನ್ನಾಗಿರುವ ಚರ್ಮದಿಂದ ಒಳಗೆ ಇಳಿಯುವುದು ಕಡಿಮೆ. ಗಾಯ ಇದ್ದರೆ, ಇಲ್ಲ ನೆಂದ ಬಟ್ಟೆ ಗಂಟೆಗಟ್ಟಲೆ ಮೈಗೆ ಅಂಟಿದ್ದರೆ, ಲೆಕ್ಕವೇ ಬೇರೆ. ಈ ಔಷಧಿ ಚರ್ಮವನ್ನೇ ಸುಡುತ್ತೆ, ಸುಟ್ಟ ಜಾಗದಿಂದ ಇನ್ನೂ ಜಾಸ್ತಿ ಒಳಗೆ ಹೋಗುತ್ತೆ. ಹೀಗೆ ಚರ್ಮದ ಮೂಲಕ ಹೋಗಿಯೇ ಜೀವ ಕಳೆದುಕೊಂಡವರಿದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಕಾಲೆಲ್ಲ ಇಂಬಳ (ಜಿಗಣೆ) ಕಚ್ಚಿದ ಗಾಯ. ಬೆಳಿಗ್ಗೆ ಕ್ಯಾನ್ ಕೊಡುವ ಮುಂಚೆ ನಾನು ಎಲ್ಲರ ಕಾಲು, ಕೈ ನೋಡುತ್ತೇನೆ. ಗಾಯ ಇದ್ದವರಿಗೆ ಅವತ್ತು ಬೇರೆ ಕೆಲಸ. ಮೇಸ್ತ್ರಿ ಗೊಣಗುತ್ತಾರೆ, ಗೊಣಗಲಿ. ಕ್ಯಾನಿಗೆ ಬರೀ ನೀರು ತುಂಬಿಸಿ, ಬೆನ್ನಿಗೆ ಹಾಕಿ, ಬಗ್ಗಿಸಿ ನೋಡುತ್ತೇನೆ. ಮುಚ್ಚಳದ ಹತ್ತಿರ, ಪೈಪು ಸೇರುವ ಕಡೆ ಒಂದು ಹನಿ ಬಂದರೂ ಆ ಕ್ಯಾನ್ ಪಕ್ಕಕ್ಕೆ. ಒಂದು ವಾಷರ್ ಎಷ್ಟು ಮಹಾ ದುಡ್ಡು?

ಜಾಸ್ತಿ ಅಪಾಯ ಕಲಸುವಾಗ. ಅಂಗಡಿಯಲ್ಲಿ ಸಿಗುವುದು ನೂರಕ್ಕೆ 24 ಭಾಗದ್ದು, ಅದು ಕಣ್ಣಿಗೆ ಹಾರಿದರೆ ಕಣ್ಣಿಗೇ ಕುತ್ತು. ಕಲಸುವವರಿಗೆ ಕನ್ನಡಕ, ರಬ್ಬರ್ ಗ್ಲೌಸ್, ಗಂಬೂಟು ಇರಲೇಬೇಕು. ಬಟ್ಟೆಯ ಗ್ಲೌಸ್ ಬೇಡ, ಅದು ಔಷಧಿ ಹೀರಿಕೊಂಡು ಕೈಗೇ ಅಂಟಿಸುತ್ತೆ. ಕಟ್ಟಿಕೊಂಡ ನಾಜಲ್ ಬಾಯಿಂದ ಊದುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ.

ಆ ಬಾಟಲಿ ಈಗಲೇ ಕೆಳಗೆ ಇಳಿಸಿ. ಮಿಕ್ಕಿದ್ದೆಲ್ಲಕ್ಕಿಂತ ನನಗೆ ಹೆದರಿಕೆ ಅದರದ್ದೇ. ಅದರ ಕಡು ಬಣ್ಣ ಆ ಬಾಟಲಿಯಲ್ಲಿ ಕೋಲಾ ತರಹವೇ ಕಾಣುತ್ತೆ. ನೀಲಿ ಬಣ್ಣ, ಕೆಟ್ಟ ವಾಸನೆ, ವಾಂತಿ ಬರಿಸುವ ವಸ್ತು ಸೇರಿಸಿರುತ್ತಾರೆ ನಿಜ. ಆದರೆ ಬಾಯಾರಿ ಬಂದ ಮಗು ಮೂಸಿ ನೋಡಿ ಕುಡಿಯುತ್ತಾ? ಒಂದು ಗುಟುಕು ಸಾಕು. ಇದಕ್ಕೆ ಪ್ರತ್ಯೌಷಧ ಅಂತ ಇಲ್ಲ. ಕೇರಳ 2011ರಲ್ಲಿ ಇದನ್ನು ನಿಲ್ಲಿಸಿತು, ಯೂರೋಪಿನ ಒಕ್ಕೂಟದಲ್ಲಿ 2007ರಿಂದಲೇ ಇಲ್ಲ.

ಆಲೂರು ಸಿಸ್ಟರ್:
ನಾನು ನರ್ಸ್. ರೈಟರ್ ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಇದನ್ನು ನುಂಗಿದವರು ಮೊದಲ ದಿನ ಮಾತಾಡಿಕೊಂಡೇ ಇರಬಹುದು. ಮನೆಯವರು ವಾಂತಿ ಆಯ್ತು, ವಿಷ ಹೋಯ್ತು ಅಂದುಕೊಳ್ಳುತ್ತಾರೆ. ಆಮೇಲೆ ಬಾಯಿ, ಗಂಟಲು ಹುಣ್ಣಾಗುತ್ತೆ, ಮೂತ್ರ ಕಡಿಮೆ ಆಗುತ್ತೆ, ಉಸಿರಾಟದ ತೊಂದರೆ ಕೆಲವು ದಿನ ಬಿಟ್ಟು ಶುರುವಾಗುತ್ತೆ. ಅಷ್ಟು ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಯಾರಿಗೇ ಆಗಲಿ, ಬಾಯಿಗೆ ಹೋಗಿದೆ ಅಂತ ಬರೀ ಅನುಮಾನ ಇದ್ದರೂ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಲೇಬಲ್ ಇರುವ ಡಬ್ಬ ಜೊತೆಗೆ ತನ್ನಿ. ಆಸ್ಪತ್ರೆಯಲ್ಲಿ ಇದ್ದಿಲಿನ ಪುಡಿ ಕೊಡುವುದು ಬೇಗ ಬಂದರೆ ಮಾತ್ರ ಉಪಯೋಗ. ಇನ್ನೊಂದು, ಸಾಮಾನ್ಯ ವಿಷದ ಕೇಸ್ ಅಂದುಕೊಂಡು ಸುಮ್ನೆ ಆಕ್ಸಿಜನ್ ಕೊಟ್ಟರೆ ಇದರಲ್ಲಿ ಶ್ವಾಸಕೋಶಕ್ಕೆ ಇನ್ನಷ್ಟು ಪೆಟ್ಟು. ಹಾಗಾಗಿ ಬಾಗಿಲಲ್ಲೇ "ಪ್ಯಾರಾಕ್ವಾಟ್" ಅಂತ ಹೆಸರು ಹೇಳಿ.

ನಿಮ್ಮ ತಂದೆಯನ್ನು ಇವತ್ತೇ ಡಾಕ್ಟರಿಗೆ ತೋರಿಸಿ. ಕಿಡ್ನಿಯ ರಕ್ತಪರೀಕ್ಷೆ ಮಾಡಬೇಕಾ ಅಂತ ಅವರು ನೋಡಿ ಹೇಳುತ್ತಾರೆ. ಆ ಅಂಗಿ ಒಗೆಯುವುದು ಅಮ್ಮ ಅಲ್ವಾ? ಅವರ ಕೈಗೂ ಗ್ಲೌಸ್ ಬೇಕು. ಬೇರೆ ಬಟ್ಟೆ ಜೊತೆ ನೆನೆಸಬೇಡಿ.

ಅರಕಲಗೂಡು ಹುಡುಗ:
ಸ್ನಾನ ಆಯ್ತು, ಆಸ್ಪತ್ರೆಗೆ ಹೊರಟಿದ್ದೀವಿ. ಲೇಬಲ್ ಇರುವ ಹಳೇ ಡಬ್ಬ ಸಿಕ್ಕಿತು, ತಗೊಂಡೆ. ಬಾಟಲಿಯಲ್ಲಿ ಇರುವುದನ್ನು ಹಳ್ಳಕ್ಕೆ ಚೆಲ್ಲಿ ಬಿಡಲಾ? ಮುಂದಿನ ಸಲ ಗಿಡಕ್ಕೆ ಏನು ಮಾಡುವುದು?

ಮೂಡಿಗೆರೆ ರೈಟರ್:
ಹಳ್ಳಕ್ಕೆ ಬೇಡ, ದನಕರು ನೀರು ಕುಡಿಯುವ ಜಾಗ. ಆಸ್ಪತ್ರೆಯಿಂದ ಬಂದ ಮೇಲೆ ಗ್ಲೌಸ್, ಕನ್ನಡಕ ಹಾಕಿ ಬಯಲಲ್ಲಿ ನಿಂತು ಆ ಹಳೇ ಡಬ್ಬಕ್ಕೇ ವಾಪಸ್ ಸುರಿ. ಅಲ್ಲಿಯವರೆಗೆ ಬಾಟಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ, ಮೇಲೆ ದೊಡ್ಡದಾಗಿ ವಿಷ ಅಂತ ಬರಿ. ಖಾಲಿಯಾದ ಬಾಟಲಿಗೆ ತೂತು ಹೊಡೆದು ಬಿಡು, ಯಾರೂ ನೀರು ತುಂಬಿಸಬಾರದು.

ಗಿಡಕ್ಕೆ ಕುಡುಗೋಲೇ ಸಾಕು. ಕೀಳುವ 10–15 ದಿನ ಮುಂಚೆ ಬುಡಕ್ಕೆ ಕೊಯ್ದರೆ ಗಡ್ಡೆಯ ಸಿಪ್ಪೆ ಗಟ್ಟಿಯಾಗುತ್ತೆ. ಎಲೆಗೆ ಅಂಗಮಾರಿ ರೋಗ ಬಿದ್ದಿದ್ದರೆ ಕೊಯ್ದ ಗಿಡ ಹೊಲದಲ್ಲಿ ಬಿಡಬೇಡಿ. ಆಳಿನ ಖರ್ಚು ಬೀಳುತ್ತೆ, ಗೊತ್ತು. ಹಾಸನದ ಹತ್ತಿರ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಒಮ್ಮೆ ಕೇಳು, ಅಪ್ಪನನ್ನೂ ಕರೆದುಕೊಂಡು ಹೋಗು. ಡಾಕ್ಟರ್ ಏನಂದರು ಅಂತ ರಾತ್ರಿ ಇಲ್ಲೇ ಹಾಕು, ನೋಡುತ್ತಿರುತ್ತೇನೆ.